ಶಾಲೆಯಲ್ಲಿ ಕಣ್ಣು ಸರಿ ಇದೆ ಅಂದರು, ಆದರೂ ಮಗ ಸಾಲು ಬಿಟ್ಟು ಓದುತ್ತಾನೆ

ಪ್ರಶ್ನೆ: ನಮ್ಮದು ಲಕ್ಷ್ಮೇಶ್ವರ. ಮಗನಿಗೆ 9 ವರ್ಷ, ನಾಲ್ಕನೇ ತರಗತಿ. ಶಾಲೆಗೆ ಬಂದ ತಂಡದವರು ಕಣ್ಣು ನೋಡಿ ಎರಡೂ ಸರಿ ಇವೆ ಅಂದರು. ಆದರೆ ಓದುವಾಗ ಸಾಲು ಬಿಟ್ಟುಬಿಡುತ್ತಾನೆ, ಬೆರಳಿಟ್ಟುಕೊಂಡೇ ಓದಬೇಕು. ಹತ್ತು ನಿಮಿಷಕ್ಕೆ ಕಣ್ಣು ಉಜ್ಜುತ್ತಾನೆ. ಸಂಜೆ ಹಣೆ ನೋಯುತ್ತದೆ ಅನ್ನುತ್ತಾನೆ. ಬರೆಯುವಾಗ ತಲೆ ಒಂದು ಕಡೆ ವಾಲಿಸುತ್ತಾನೆ. ಟೀಚರ್ "ಲಕ್ಷ್ಯ ಇಲ್ಲರಿ ಇವಂಗ, ಆಟದ ಮ್ಯಾಲೇ ಧ್ಯಾನ" ಅನ್ನುತ್ತಾರೆ. ನಾನು ಸೋದರತ್ತೆಯ ಮಗನನ್ನೇ ಮದುವೆಯಾಗಿದ್ದೇನೆ, ಅದರಿಂದ ಹೀಗಾಗಿರಬಹುದಾ? ಇನ್ನೊಂದು ಮಾತು. ನಮ್ಮ ಮಾವನವರಿಗೆ 61, ಸಕ್ಕರೆ ಕಾಯಿಲೆ ಇದೆ. ಈಚೆಗೆ ಚಾಳೀಸು ಇಲ್ಲದೆ ಪೇಪರ್ ಓದುತ್ತಾರೆ. "ನನ್ನ ಕಣ್ಣಿಗೆ ಮತ್ತ ಹರೇ ಬಂದೈತಿ" ಅಂತ ಖುಷಿಯಲ್ಲಿದ್ದಾರೆ. ಆದರೆ ಬಲಗಡೆ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾರೆ, ಚಹಾ ಬಸಿಗೆ ಹಾಕುವಾಗ ಹೊರಗೆ ಚೆಲ್ಲುತ್ತಾರೆ. ಇನ್ನೂ ಗಾಡಿ ಓಡಿಸುತ್ತಾರೆ. ಇಬ್ಬರನ್ನೂ ಹುಬ್ಬಳ್ಳಿಗೆ ಕರೆತರಬೇಕಾ?

ಉತ್ತರ: ಇಬ್ಬರನ್ನೂ ಕರೆತನ್ನಿ. ಒಂದೇ ದಿನ ಆಗದಿದ್ದರೆ ಮಾವನವರನ್ನು ಮೊದಲು ತೋರಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ನೀವು ಮಗನ ಮಾತು ಮೊದಲು ಎತ್ತಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ.

ಶಾಲೆಗೆ ಬಂದವರು ಸುಳ್ಳು ಹೇಳಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಬಂದಾಗ ತೂಕ, ಹಲ್ಲು, ಕಿವಿ, ರಕ್ತಹೀನತೆ, ಕಣ್ಣು ಎಲ್ಲ ನೋಡಬೇಕು. ಒಬ್ಬ ಹುಡುಗನ ಕಣ್ಣಿಗೆ ಸಿಗುವ ಹೊತ್ತು ತೀರಾ ಸ್ವಲ್ಪ. ಅಷ್ಟರಲ್ಲಿ ಆಗುವುದು ಚಾರ್ಟ್ ನೇತುಹಾಕಿ ಓದಿಸುವುದು. ಆ ಚಾರ್ಟನ್ನು 1862ರಲ್ಲಿ ನೆದರ್‌ಲ್ಯಾಂಡ್ಸ್‌ನ ಸ್ನೆಲೆನ್ ಅನ್ನುವ ಕಣ್ಣಿನ ವೈದ್ಯರು ಮಾಡಿದರು, ಇವತ್ತಿಗೂ ನಮ್ಮ ಮೊದಲ ಸಾಧನ ಅದೇ. 6/6 ಅಂದರೆ ಸರಿಯಾದ ಕಣ್ಣು 6 ಮೀಟರ್‌ನಿಂದ ಓದುವ ಅಕ್ಷರವನ್ನು ಈ ಕಣ್ಣೂ 6 ಮೀಟರ್‌ನಿಂದ ಓದಿತು. ಅಷ್ಟೇ. ಹತ್ತಿರದ್ದು ಹೇಗೆ ಕಾಣುತ್ತದೆ, ಎಷ್ಟು ಹೊತ್ತು ಕಾಣುತ್ತದೆ, ಎರಡೂ ಕಣ್ಣು ಕೂಡಿ ಕೆಲಸ ಮಾಡುತ್ತವೆಯೇ, ಪಕ್ಕದ್ದು ಕಾಣುತ್ತದೆಯೇ, ಕತ್ತಲಲ್ಲಿ ಏನು ಗತಿ, ಇದ್ಯಾವುದನ್ನೂ ಚಾರ್ಟ್ ಕೇಳುವುದೇ ಇಲ್ಲ. ನಿಮ್ಮ ಮಗನ ತೊಂದರೆ ಬರುವುದು ಪುಸ್ತಕದ ಮುಂದೆ, ಹತ್ತು ನಿಮಿಷ ಕಳೆದ ಮೇಲೆ. ಅವನನ್ನು ಪರೀಕ್ಷೆ ಮಾಡಿದ್ದು ಗೋಡೆಯ ಮುಂದೆ.

ಮಕ್ಕಳೂ ಭಾರೀ ಶ್ಯಾಣ್ಯಾ. ಸಾಲಿನಲ್ಲಿ ನಿಂತಾಗ ಮುಂದಿನವನು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಒಂದು ಕಣ್ಣು ಮುಚ್ಚು ಅಂದರೆ ಬೆರಳ ಸಂದಿಯಿಂದ ನೋಡುತ್ತಾರೆ. ಮೋಸ ಮಾಡಬೇಕು ಅಂತ ಅಲ್ಲ, ಪರೀಕ್ಷೆ ಅಂದರೆ ಪಾಸಾಗಬೇಕು ಅನ್ನುವುದಷ್ಟೇ ಅವರಿಗೆ ಗೊತ್ತು. ಇನ್ನು "ನನಗೆ ಸರಿಯಾಗಿ ಕಾಣುವುದಿಲ್ಲ" ಅಂತ ಮಗು ತಾನಾಗಿ ಹೇಳುತ್ತದೆ ಅಂತ ಕಾಯಬೇಡಿ. ಹುಟ್ಟಿದಾಗಿನಿಂದ ಮಬ್ಬಾಗಿ ನೋಡಿದವನಿಗೆ ಎಲ್ಲರಿಗೂ ಹಾಗೇ ಕಾಣುತ್ತದೆ ಅಂತಲೇ ಅನ್ನಿಸುತ್ತದೆ, ಅಲ್ವಾ?

ನೀವು ಬರೆದದ್ದು ಓದಿದರೆ ನನಗೆ ಮೊದಲು ಅನುಮಾನ ಬರುವುದು ಪ್ಲಸ್ ನಂಬರಿನ ಮೇಲೆ. ಮೈನಸ್ ನಂಬರ್ ಇದ್ದ ಹುಡುಗ ಬೇಗ ಸಿಕ್ಕಿಬೀಳುತ್ತಾನೆ. ಬೋರ್ಡ್ ಕಾಣುವುದಿಲ್ಲ, ಮುಂದಿನ ಬೆಂಚಿಗೆ ಹೋಗುತ್ತಾನೆ, ಪಕ್ಕದವನ ನೋಟ್‌ಬುಕ್ ನೋಡಿ ಬರೆಯುತ್ತಾನೆ, ಚಾರ್ಟಿನಲ್ಲೂ ಫೇಲ್ ಆಗುತ್ತಾನೆ. ಪ್ಲಸ್ ನಂಬರಿನವನು ತಪ್ಪಿಸಿಕೊಳ್ಳುತ್ತಾನೆ. ಯಾಕೆಂದರೆ ಮಕ್ಕಳ ಕಣ್ಣಿನೊಳಗಿನ ಸ್ನಾಯುವಿಗೆ ಬಹಳ ಶಕ್ತಿ. ಅದು ಮಸೂರವನ್ನು ಉಬ್ಬಿಸಿ ಕೊರತೆಯನ್ನು ತುಂಬಿಕೊಳ್ಳುತ್ತದೆ. ಒಂಬತ್ತು ವರ್ಷದ ಹುಡುಗನಿಗೆ ಪ್ಲಸ್ 3 ಇದ್ದರೂ ಚಾರ್ಟಿನ ಕೊನೆಯ ಸಾಲು ಸಲೀಸಾಗಿ ಓದಿಬಿಡಬಹುದು. ಪುಸ್ತಕ ಹಿಡಿದಾಗ ಲೆಕ್ಕ ಬೇರೆ. ಒಂದು ಅಡಿ ದೂರದ ಅಕ್ಷರಕ್ಕೆ ಎಲ್ಲರ ಕಣ್ಣೂ 3ರಷ್ಟು ದುಡಿಯಬೇಕು. ಇವನ ಕಣ್ಣು 6ರಷ್ಟು ದುಡಿಯಬೇಕು, ಅದೂ ಬಿಡುವಿಲ್ಲದೆ. ಮೊದಲ ಪ್ಯಾರಾ ಸರಿಯಾಗಿ ಓದುತ್ತಾನೆ, ಎರಡನೆಯದರಲ್ಲಿ ಅಕ್ಷರ ಮಬ್ಬಾಗುತ್ತವೆ, ಕಣ್ಣು ಉಜ್ಜುತ್ತಾನೆ, ಸಂಜೆಗೆ ಹಣೆ ನೋವು. ರಜೆಯಲ್ಲಿ ತಲೆನೋವು ಇರುವುದಿಲ್ಲ. ಆಗ ಮನೆಯವರು "ಸಾಲಿಗೆ ಹೋಗೂದ ತಪ್ಪಸಾಕ ನೆವ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ನಿಮ್ಮ ಮಗನಿಗೆ ದಸರಾ ರಜೆಯಲ್ಲಿ ತಲೆನೋವು ಇತ್ತಾ, ನೆನಪು ಮಾಡಿಕೊಂಡು ಬನ್ನಿ. ನಮಗೆ ಅದು ದೊಡ್ಡ ಸುಳಿವು.

ಈ ಪ್ಲಸ್ ನಂಬರ್ ಹಿಡಿಯಬೇಕಾದರೆ ಆ ಸ್ನಾಯುವಿಗೆ ಸ್ವಲ್ಪ ಹೊತ್ತು ರಜೆ ಕೊಡಬೇಕು. ಅದಕ್ಕೇ ಡ್ರಾಪ್ಸ್ ಹಾಕಿ ನೋಡುವುದು. ಕೆಲವು ಔಷಧಿ ಒಂದು ದಿನದಲ್ಲಿ ಇಳಿಯುತ್ತದೆ. ಅಟ್ರೋಪಿನ್ ಮುಲಾಮು ಕೊಟ್ಟರೆ ಒಂದೆರಡು ವಾರ ಹತ್ತಿರದ್ದು ಮಸುಕಾಗಿ ಕಾಣುತ್ತದೆ, ಬಿಸಿಲು ಚುಚ್ಚುತ್ತದೆ. ಅಷ್ಟು ದಿನ ಓದು-ಬರಹ ಕಷ್ಟ ಅಂತ ಟೀಚರ್‌ಗೆ ಮೊದಲೇ ಹೇಳಿಡಿ. ಡ್ರಾಪ್ಸ್ ಹಾಕಿದರೆ ನಂಬರ್ ಏರುತ್ತದೆ ಅನ್ನುವ ಹೆದರಿಕೆ ನಮ್ಮ ಕಡೆ ಇದೆ. ಏರುವುದಿಲ್ಲ. ಒಳಗೆ ಬಚ್ಚಿಟ್ಟುಕೊಂಡದ್ದು ಹೊರಗೆ ಬರುತ್ತದೆ, ಅಷ್ಟೇ.

ಇದೇ ಕಾರಣಕ್ಕೆ ನಾನು ಒಂದು ಮಾತನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಸಣ್ಣ ಮಕ್ಕಳ ನಂಬರನ್ನು ಚಷ್ಮಾ ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿಸಿ, ಅಲ್ಲೇ ಕನ್ನಡಕ ಮಾಡಿಸಬೇಡಿ. ಮಗು ಯಂತ್ರದೊಳಗೆ ಇಣುಕಿದಾಗ ಕಣ್ಣು ಹತ್ತಿರದ್ದನ್ನು ನೋಡುವ ಹಾಗೆ ಬಿಗಿದುಕೊಳ್ಳುತ್ತದೆ. ಪ್ಲಸ್ ಇದ್ದ ಹುಡುಗನಿಗೆ ಯಂತ್ರ ಮೈನಸ್ ತೋರಿಸುವುದೂ ಉಂಟು. ಆ ಕನ್ನಡಕ ಹಾಕಿದರೆ ತ್ರಾಸು ದುಪ್ಪಟ್ಟು.

ಎರಡನೆಯ ಅನುಮಾನ, ಕಣ್ಣುಗಳ ಹೊಂದಾಣಿಕೆ. ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಸ್ವಲ್ಪ ಒಳಕ್ಕೆ, ಮೂಗಿನ ಕಡೆಗೆ ತಿರುಗಬೇಕು. ಕೆಲವರಲ್ಲಿ ಒಂದು ಕಣ್ಣು ಬೇಗ ದಣಿದು ಹೊರಕ್ಕೆ ಜಾರುತ್ತದೆ. ಅಕ್ಷರ ಎರಡೆರಡಾಗುತ್ತವೆ, ಸಾಲುಗಳು ಓಡಾಡುತ್ತವೆ. ಮಗು ಬೆರಳಿಡುತ್ತದೆ, ಇಲ್ಲವೇ ಕೈ ಮೇಲೆ ಕೆನ್ನೆ ಊರಿದ ಹಾಗೆ ಮಾಡಿ ಒಂದು ಕಣ್ಣನ್ನು ಮರೆ ಮಾಡಿಕೊಂಡು ಓದುತ್ತದೆ. ಮನೆಯಲ್ಲಿ ನೀವೇ ನೋಡಬಹುದು. ಬೆಳಕಿನ ಕಡೆ ಮುಖ ಮಾಡಿ ಕೂರಿಸಿ. ಪೆನ್ನಿನ ತುದಿಯನ್ನು ಒಂದು ಮೊಳ ದೂರದಲ್ಲಿ ಹಿಡಿದು, ಸಾವಕಾಶ ಅವನ ಮೂಗಿನ ಕಡೆಗೆ ತನ್ನಿ. ನೀವು ಪೆನ್ನು ನೋಡಬೇಡಿ, ಅವನ ಕಪ್ಪುಗುಡ್ಡೆಗಳನ್ನು ನೋಡಿ. ಎರಡೂ ಒಳಕ್ಕೆ ಬರುತ್ತಿರಬೇಕು. ಮೂಗಿಗೆ ನಾಲ್ಕು ಬೆರಳು ಅಂತರ ಉಳಿಯುವ ತನಕ ಬಂದರೆ ಚಿಂತೆ ಇಲ್ಲ. ಅದಕ್ಕಿಂತ ಎಷ್ಟೋ ಮೊದಲೇ ಒಂದು ಕಣ್ಣು ಟಕ್ಕನೆ ಹೊರಗೆ ಜಾರಿದರೆ, ಅಥವಾ "ಅವ್ವಾ, ಎರಡು ಪೆನ್ನು" ಅಂದರೆ, ಬಂದಾಗ ನಮಗೆ ಹೇಳಿ. ಎರಡು ಮೂರು ಸಲ ಮಾಡಿ ನೋಡಿ, ಮೊದಲ ಸಲ ಮಕ್ಕಳು ಸುಮ್ನೆ ನಗುತ್ತಾರೆ. ಇದಕ್ಕೆ ವ್ಯಾಯಾಮ ಇದೆ, ಫಲವೂ ಇದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಮನೆಯಲ್ಲಿ ಬರೀ ಪೆನ್ಸಿಲ್ ನೋಡಿಸುವುದಕ್ಕಿಂತ ಕ್ಲಿನಿಕ್ಕಿಗೆ ಬಂದು 12 ವಾರ ಮಾಡುವ ಅಭ್ಯಾಸವೇ ಹೆಚ್ಚು ಕೆಲಸ ಮಾಡಿತು.

ಮೂರನೆಯದು ಸೋಮಾರಿ ಕಣ್ಣು. ನಾನು ಅತಿ ಹೆಚ್ಚು ಹೆದರುವುದು ಇದಕ್ಕೇ, ಯಾಕೆಂದರೆ ಇದಕ್ಕೆ ವಯಸ್ಸಿನ ಗಡುವು ಇದೆ. ಒಂದು ಕಣ್ಣಿನ ನಂಬರ್ ಸೊನ್ನೆ, ಇನ್ನೊಂದರದ್ದು ಪ್ಲಸ್ 4 ಅಂತ ಇಟ್ಟುಕೊಳ್ಳಿ. ಹೊರಗಿನಿಂದ ನೋಡಿದರೆ ಎರಡೂ ನೆಟ್ಟಗಿವೆ, ಮೆಳ್ಳೆಯೂ ಇಲ್ಲ. ಆದರೆ ಜೋಡಿಯಲ್ಲಿ ಒಂದು ಎತ್ತು ಬಲವಾಗಿದ್ದರೆ ಬಂಡಿ ಅದರ ಮೇಲೇ ಓಡುತ್ತದೆ, ಇನ್ನೊಂದು ನೊಗಕ್ಕೆ ಹೆಗಲು ಕೊಟ್ಟು ಸುಮ್ಮನೆ ಜೊತೆಗೆ ನಡೆಯುತ್ತದೆ. ಮಿದುಳು ಮಸುಕಾದ ಕಣ್ಣಿನ ಚಿತ್ರವನ್ನು ಬದಿಗಿಡುತ್ತಾ ಹೋಗುತ್ತದೆ. ಕೊನೆಗೆ ಕನ್ನಡಕ ಹಾಕಿದರೂ ಆ ಕಣ್ಣು ಓದುವುದಿಲ್ಲ. ಹೀಗಾಗಿರುವುದು ಎಷ್ಟೋ ಜನರಿಗೆ ಗೊತ್ತಾಗುವುದು ಪೊಲೀಸ್ ಅಥವಾ ಮಿಲಿಟರಿ ಭರ್ತಿಯ ಮೆಡಿಕಲ್‌ನಲ್ಲಿ, ಇಪ್ಪತ್ತರ ಹರೆಯದಲ್ಲಿ. ಏಳು ವರ್ಷದೊಳಗೆ ಹಿಡಿದರೆ ಚೆನ್ನಾಗಿ ಸುಧಾರಿಸುತ್ತದೆ. ಒಂಬತ್ತಕ್ಕೂ ತಡ ಆಯಿತು ಅಂತ ಕೈಬಿಡಬೇಕಿಲ್ಲ. ಹನ್ನೆರಡು, ಹದಿನಾಲ್ಕು ವರ್ಷದವರಲ್ಲೂ ಸ್ವಲ್ಪಮಟ್ಟಿಗೆ ಮರಳಿದ್ದುಂಟು.

ಮನೆಯಲ್ಲಿ ನೋಡುವುದು ಹೀಗೆ. ಗೋಡೆಯ ಕ್ಯಾಲೆಂಡರ್ ಮುಂದೆ ಮೂರು ಮೀಟರ್ ದೂರ ನಿಲ್ಲಿಸಿ. ತಾರೀಖಿನ ಕೆಳಗೆ ಸಣ್ಣಗೆ ಅಚ್ಚಾದ ತಿಥಿ, ಹಬ್ಬ ಓದಿಸಿ. ಬಲಗಣ್ಣನ್ನು ನೀವೇ ನಿಮ್ಮ ಅಂಗೈಯಿಂದ ಮುಚ್ಚಿ, ಒತ್ತಬೇಡಿ, ಬೆರಳ ಸಂದಿ ಬಿಡಬೇಡಿ. ಆಮೇಲೆ ಎಡಗಣ್ಣು ಮುಚ್ಚಿ ಬೇರೆ ತಿಂಗಳ ಹಾಳೆ ಓದಿಸಿ, ಇಲ್ಲವಾದರೆ ನೆನಪಿನಿಂದ ಹೇಳಿಬಿಡುತ್ತಾನೆ. ಎಷ್ಟು ಓದಿದ ಅನ್ನುವುದಕ್ಕಿಂತ ಎರಡರ ನಡುವೆ ವ್ಯತ್ಯಾಸ ಇದೆಯಾ ಅನ್ನುವುದು ಮುಖ್ಯ. ಒಂದು ಕಣ್ಣು ಮುಚ್ಚಿದಾಗ ಮಾತ್ರ ಕೈ ತಳ್ಳುತ್ತಾನೆ, ಕುತ್ತಿಗೆ ತಿರುಗಿಸಿ ಇಣುಕುತ್ತಾನೆ ಅಂದರೆ ಉತ್ತರ ಸಿಕ್ಕಿತು. ಮಾತು ಬಾರದ ಕೂಸಿಗೂ ಇದೇ ಪರೀಕ್ಷೆ. ಸರಿಯಾದ ಕಣ್ಣು ಮುಚ್ಚಿದಾಗ ಅಳುತ್ತದೆ, ಇನ್ನೊಂದನ್ನು ಮುಚ್ಚಿದರೆ ಆಟ ಮುಂದುವರಿಸುತ್ತದೆ.

ಚಿಕಿತ್ಸೆ ಅಂದರೆ ಮೊದಲು ಸರಿಯಾದ ಕನ್ನಡಕ. ಕೆಲವು ವಾರ ಅದರಲ್ಲೇ ಎಷ್ಟು ಸುಧಾರಿಸುತ್ತದೆ ನೋಡುತ್ತೇವೆ. ಸಾಲದಿದ್ದರೆ ಚೆನ್ನಾಗಿರುವ ಕಣ್ಣಿಗೆ ಪಟ್ಟಿ. ಇಡೀ ದಿನ ಕಟ್ಟಬೇಕು ಅನ್ನುವ ಕಾಲ ಹೋಯಿತು. ಮಧ್ಯಮ ತೊಂದರೆಗೆ ದಿನಕ್ಕೆ 2 ತಾಸು, ಜಾಸ್ತಿ ಇದ್ದರೆ 6 ತಾಸು ಸಾಕು ಅಂತ ಅಧ್ಯಯನಗಳು ತೋರಿಸಿವೆ. ಪಟ್ಟಿಯನ್ನು ಚರ್ಮಕ್ಕೇ ಅಂಟಿಸಿ. ಕನ್ನಡಕದ ಗಾಜಿಗೆ ಅಂಟಿಸಿದರೆ ಮೇಲಿನಿಂದ ನೋಡುತ್ತಾನೆ. ಟಿವಿಯಲ್ಲಿ ಕ್ರಿಕೆಟ್ ಬರುವಾಗ ಕಟ್ಟಿದರೆ ಜಗಳ ಕಡಿಮೆ.

ತಲೆ ವಾಲಿಸುವುದನ್ನು ಬರೆದಿದ್ದೀರಿ. ಒಂದೇ ಕಡೆಗೆ, ಯಾವಾಗಲೂ ವಾಲಿಸಿದರೆ ಅದು ಚಾಳಿ ಇರಲಿಕ್ಕಿಲ್ಲ. ಕಣ್ಣಿನ ಯಾವುದೋ ಒಂದು ಸ್ನಾಯು ಸೋತಿದ್ದರೆ, ಎರಡೆರಡು ಕಾಣದ ಹಾಗೆ ಮಗು ತಾನೇ ಕಂಡುಕೊಂಡ ಉಪಾಯ ಅದು. ಅವನ ಹಳೆಯ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದು ನೋಡಿ. ಜಾವಳದ ಫೋಟೋದಲ್ಲೂ, ಮೊದಲ ದಿನ ಶಾಲೆಗೆ ಹೋದ ಫೋಟೋದಲ್ಲೂ ತಲೆ ಅದೇ ಕಡೆ ವಾಲಿದ್ದರೆ ಬಹಳ ದಿನದ್ದು ಅಂತ ಅರ್ಥ. ಈಚೆಗಷ್ಟೇ ಶುರುವಾಗಿದ್ದರೆ ತಡಮಾಡಬೇಡಿ. ಫೋಟೋಗಳನ್ನು ತನ್ನಿ.

ಇಷ್ಟೆಲ್ಲ ನೋಡಿದ ಮೇಲೂ ಕಣ್ಣು ಸರಿ ಇದೆ ಅಂತ ಬರಬಹುದು. ಕನ್ನಡಕ ಹಾಕಿ ಮೂರು ತಿಂಗಳಾದರೂ ಓದು ಹಾಗೇ ಇರಬಹುದು. ಒತ್ತಕ್ಷರ ತಪ್ಪುತ್ತಾನೆ, ಮಾತಿನಲ್ಲಿ ಚುರುಕಿದ್ದಾನೆ, ಬಾಯಿಲೆಕ್ಕ ಬರುತ್ತದೆ, ಓದುವುದು ಮಾತ್ರ ಆಗುವುದಿಲ್ಲ ಅಂದರೆ ಡಿಸ್ಲೆಕ್ಸಿಯಾ ಇದೆಯಾ ಅಂತ ನೋಡಿಸಬೇಕು. ಅದು ಕಣ್ಣಿನ ರೋಗ ಅಲ್ಲ. ಕಣ್ಣಿನ ವ್ಯಾಯಾಮದಿಂದ, ಬಣ್ಣದ ಗಾಜಿನಿಂದ ಡಿಸ್ಲೆಕ್ಸಿಯಾ ವಾಸಿ ಮಾಡುತ್ತೇವೆ ಅಂತ ದುಡ್ಡು ಕೇಳುವವರು ಇದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಇದಕ್ಕೆ ಆಧಾರವಿಲ್ಲ ಅಂತ ಹೇಳಿವೆ. ನನ್ನ ಅಭಿಪ್ರಾಯವೂ ಅದೇ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನಃಶಾಸ್ತ್ರಜ್ಞರಿದ್ದಾರೆ, ಅಲ್ಲಿ ವಿಚಾರಿಸಿ. ಆದರೆ ಕ್ರಮ ತಪ್ಪಿಸಬೇಡಿ. ಮೊದಲು ಕಣ್ಣು, ಕಿವಿ. ಆಮೇಲೆ ಅದು.

ಇನ್ನು ಒಳಸಂಬಂಧದ ಮದುವೆ. ಸಾಲು ಬಿಟ್ಟು ಓದುವುದಕ್ಕೂ ಅದಕ್ಕೂ ಸಂಬಂಧ ಇಲ್ಲ, ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಪ್ಲಸ್ ನಂಬರ್ ಎಲ್ಲ ಮನೆಗಳಲ್ಲೂ ಬರುತ್ತದೆ. ಆದರೆ ನೀವು ಹೇಳಿದ್ದು ಒಳ್ಳೆಯದಾಯಿತು. ರಕ್ತಸಂಬಂಧದಲ್ಲಿ ಮದುವೆಯಾದಾಗ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಪರದೆಯ) ಕೆಲವು ಆನುವಂಶಿಕ ರೋಗಗಳ ಸಾಧ್ಯತೆ ಏರುತ್ತದೆ. ಅದರಲ್ಲಿ ನಾವು ನೋಡುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ಮೊದಲು ಇರುಳುಗಣ್ಣು, ಆಮೇಲೆ ಅಕ್ಕಪಕ್ಕದ ನೋಟ ಮುಚ್ಚುತ್ತಾ ಬರುತ್ತದೆ. ನಡುವಿನ ನೋಟ ಬಹಳ ವರ್ಷ ಉಳಿಯುತ್ತದೆ, ಹಾಗಾಗಿ ಇಲ್ಲೂ ಚಾರ್ಟಿನಲ್ಲಿ 6/6 ಬರಬಹುದು. ಇಂಥ ಮಗು ಹಗಲು ಎಲ್ಲರ ಜೊತೆ ಓಡಾಡುತ್ತದೆ, ದೀಪ ಹಚ್ಚುವ ಹೊತ್ತಿಗೆ ಅವ್ವನ ಸೆರಗು ಹಿಡಿಯುತ್ತದೆ. ಕರೆಂಟ್ ಹೋದಾಗ ಉಳಿದ ಮಕ್ಕಳು ಸ್ವಲ್ಪ ಹೊತ್ತಿಗೆ ಕತ್ತಲಿಗೆ ಹೊಂದಿಕೊಂಡು ಎದ್ದು ಹೋಗುತ್ತಾರೆ, ಇವನು ಕೂತಲ್ಲೇ ಕೂರುತ್ತಾನೆ. ಜಾತ್ರೆಯಲ್ಲಿ ಜನರಿಗೆ ಢಿಕ್ಕಿ ಹೊಡೆಯುತ್ತಾನೆ. ಹೀಗೇನಾದರೂ ಕಂಡಿದ್ದರೆ ಹೇಳಿ. ಕಾಣದಿದ್ದರೂ ಡ್ರಾಪ್ಸ್ ಹಾಕಿದ ದಿನವೇ ಅಕ್ಷಿಪಟಲವನ್ನೂ ನೋಡಿಬಿಡುತ್ತೇವೆ. ಇರುಳುಗಣ್ಣಿಗೆ ವಿಟಮಿನ್ ಎ ಕೊರತೆಯೂ ಕಾರಣ, ಅದನ್ನು ಗುಣ ಮಾಡಬಹುದು. 9 ತಿಂಗಳಿನಿಂದ 5 ವರ್ಷದೊಳಗೆ ಒಟ್ಟು 9 ಡೋಸ್ ಕುಡಿಸಬೇಕು. ತಾಯಿ ಕಾರ್ಡಿನಲ್ಲಿ ಎಷ್ಟು ಟಿಕ್ ಆಗಿವೆ ನೋಡಿ.

ಈಗ ಮಾವನವರು.

ಚಾಳೀಸು ಬಿಟ್ಟು ಓದುತ್ತಾರೆ ಅನ್ನುವುದು ಅವರಿಗೆ ಸಂತೋಷದ ಸುದ್ದಿ, ನಮಗಲ್ಲ. ಅರವತ್ತರ ಮೇಲೆ ಹತ್ತಿರದ ನೋಟ ತಾನಾಗಿ ಮರಳಿದರೆ ಸಾಮಾನ್ಯವಾಗಿ ಮೋತಿಬಿಂದು (ಕಣ್ಣಿನ ಪೊರೆ) ಬೆಳೆಯುತ್ತಿದೆ ಅಂತ ಅರ್ಥ. ಮಸೂರದ ನಡುಭಾಗ ಗಟ್ಟಿಯಾಗಿ ಕಣ್ಣು ಮೈನಸ್ ಕಡೆಗೆ ವಾಲುತ್ತದೆ. ಪೇಪರ್ ಓದಲು ಬರುತ್ತದೆ, ದೂರದ್ದು ಮಸುಕಾಗುತ್ತದೆ. ಸಕ್ಕರೆ ಮಿತಿ ಮೀರಿದಾಗಲೂ ಮಸೂರ ಉಬ್ಬಿ ಹೀಗೇ ಆಗುವುದುಂಟು, ಆಗ ನೋಟ ವಾರದಿಂದ ವಾರಕ್ಕೆ ಬದಲಾಗುತ್ತದೆ. ಹುಬ್ಬಳ್ಳಿಗೆ ಬಂದಾಗ ಚಿಗರಿ ಬಸ್ಸಿನ ಮೇಲಿನ ನಂಬರನ್ನು ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೋತಿಬಿಂದು ಒಂದೇ ಆಗಿದ್ದರೆ ನಾನು ಅವಸರ ಮಾಡುತ್ತಿರಲಿಲ್ಲ. ಬಲಗಡೆ ಬಡಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಒಂದೊಂದು ಕಣ್ಣೂ ಮೂಗಿನ ಕಡೆಗೆ ಸುಮಾರು 60 ಡಿಗ್ರಿ, ಹೊರಗಡೆಗೆ 90 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ನೋಡುತ್ತದೆ. ನಡುವಿನ ಬಹುಭಾಗ ಎರಡಕ್ಕೂ ಸೇರಿದ್ದು. ಆದ್ದರಿಂದ ಬಲಗಣ್ಣು ಪೂರ್ತಿ ಸೋತರೂ ಎಡಗಣ್ಣು ಎಲ್ಲ ತುಂಬಿಕೊಡುತ್ತದೆ, ಬಲತುದಿಯ ಆ ಒಂದು ಪಟ್ಟಿಯನ್ನು ಬಿಟ್ಟು. ಭುಜ ಬಡಿಯುವುದು ಅಲ್ಲೇ. ಚಹಾ ಹೊರಗೆ ಚೆಲ್ಲುವುದೂ ಅದಕ್ಕೆ ಹೊಂದುತ್ತದೆ. ಕಪ್ ಎಷ್ಟು ದೂರ, ಬಸಿಯ ಅಂಚು ಎಲ್ಲಿ ಅಂತ ಅಳೆಯಲು ಎರಡೂ ಕಣ್ಣು ಬೇಕು. ಒಂದು ಕಣ್ಣು ಕೈಕೊಟ್ಟವರು ಸೂಜಿಗೆ ದಾರ ಪೋಣಿಸುವಾಗ, ಮೆಟ್ಟಿಲು ಇಳಿಯುವಾಗ ಹೀಗೆ ತಪ್ಪುತ್ತಾರೆ.

ಹೀಗೆ ಸದ್ದಿಲ್ಲದೆ ಒಂದು ಕಣ್ಣನ್ನು ತಿನ್ನುವುದರಲ್ಲಿ ಗ್ಲಾಕೋಮಾ ಮುಂದು. ನೋವಿಲ್ಲ, ಕೆಂಪಿಲ್ಲ. ಕಣ್ಣಿನ ನರ ಸ್ವಲ್ಪ ಸ್ವಲ್ಪವೇ ಒಣಗುತ್ತದೆ. ಕಪ್ಪು ಕಲೆ ಕಾಣುತ್ತದೆ ಅಂತ ಜನ ಅಂದುಕೊಂಡಿರುತ್ತಾರೆ, ಹಾಗೇನೂ ಕಾಣುವುದಿಲ್ಲ. ಇಲ್ಲದ ಜಾಗವನ್ನು ಮಿದುಳು ಸುತ್ತಲಿನ ಗೋಡೆ, ಆಕಾಶದಿಂದ ಮುಚ್ಚಿಬಿಡುತ್ತದೆ. ನಮ್ಮ ದೇಶದಲ್ಲಿ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದವರಲ್ಲಿ ಬಹುಪಾಲು ಜನರಿಗೆ ತಮಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಕಣ್ಣಿನ ಒತ್ತಡ 10ರಿಂದ 21ರೊಳಗೆ ಇದ್ದರೆ ಸಾಮಾನ್ಯ ಅನ್ನುತ್ತೇವೆ. ಆದರೆ ಅಷ್ಟರಲ್ಲೇ ಇದ್ದೂ ನರ ಹಾಳಾದವರಿದ್ದಾರೆ. ಅದಕ್ಕೇ "ಪ್ರೆಶರ್ ನೋಡಿದರು, ನಾರ್ಮಲ್ ಅಂದರು" ಅನ್ನುವುದು ಸಾಲದು. ನರವನ್ನೂ ನೋಡಬೇಕು, ಅಕ್ಕಪಕ್ಕದ ನೋಟ ಅಳೆಯುವ ಫೀಲ್ಡ್ ಟೆಸ್ಟೂ ಆಗಬೇಕು. ಕಳೆದುಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಡ್ರಾಪ್ಸ್ ಹಾಕಿ ಕಾಯಬಹುದು. ಅವರಿಗೆ ಗ್ಲಾಕೋಮಾ ಇದೆ ಅಂತ ಗೊತ್ತಾದರೆ ನಿಮ್ಮ ಯಜಮಾನರು, ಅವರ ಒಡಹುಟ್ಟಿದವರು ಎಲ್ಲರೂ ತೋರಿಸಿಕೊಳ್ಳಬೇಕು, ಮನೆತನದಲ್ಲಿ ಹರಿಯುವ ರೋಗ ಅದು.

ಇನ್ನೊಂದು ಸಾಧ್ಯತೆ ಕಣ್ಣಿನದ್ದೇ ಅಲ್ಲ. ಮಿದುಳಿನ ಎಡಭಾಗದ ಹಿಂದೆ ಸಣ್ಣ ಪಾರ್ಶ್ವವಾಯು ಆಗಿದ್ದರೆ ಎರಡೂ ಕಣ್ಣಿನ ಬಲ ಅರ್ಧ ಹೋಗುತ್ತದೆ. ಕೈಕಾಲು ನೆಟ್ಟಗೇ ಇರುತ್ತವೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಸಕ್ಕರೆ ಇದ್ದವರಲ್ಲಿ ಇದನ್ನು ಮರೆಯಬಾರದು. ವ್ಯತ್ಯಾಸ ತಿಳಿಯಲು ಮನೆಯಲ್ಲಿ ಹೀಗೆ ಮಾಡಿ. ಯಜಮಾನರನ್ನು ಅವರ ಎದುರು, ಒಂದು ತೋಳಿನ ಅಂತರದಲ್ಲಿ ಕೂರಿಸಿ. ಮಾವ ತಮ್ಮ ಎಡಗಣ್ಣು ಮುಚ್ಚಿಕೊಂಡು ಯಜಮಾನರ ಮೂಗನ್ನೇ ನೋಡುತ್ತಿರಲಿ. ಯಜಮಾನರು ಎರಡು ಬೆರಳು ಆಡಿಸುತ್ತಾ ಹೊರಗಿನಿಂದ ಒಳಕ್ಕೆ ತರಲಿ, ಬಲದಿಂದ, ಎಡದಿಂದ, ಮೇಲೆ, ಕೆಳಗೆ. ಕಂಡ ಕೂಡಲೇ ಹೇಳಬೇಕು. ಆಮೇಲೆ ಇನ್ನೊಂದು ಕಣ್ಣು. ಒಂದು ಕಣ್ಣಲ್ಲಿ ಮಾತ್ರ ಕೊರತೆ ಇದ್ದರೆ ತೊಂದರೆ ಕಣ್ಣಿನದ್ದು ಇರಬೇಕು. ಎರಡರಲ್ಲೂ ಬಲಗಡೆಯೇ ಇಲ್ಲ ಅಂದರೆ ನಮ್ಮ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಗದಗಿನ ಇಲ್ಲವೇ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಅವತ್ತೇ ಹೋಗಿ. ಏನೂ ಕೊರತೆ ಕಾಣಲಿಲ್ಲ ಅಂತ ಸುಮ್ಮನಾಗಲೂ ಬೇಡಿ, ಬೆರಳಿನ ಪರೀಕ್ಷೆಗೆ ಶುರುವಿನ ಗ್ಲಾಕೋಮಾ ಸಿಗುವುದಿಲ್ಲ.

ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದಲ್ಲಿ ರಕ್ತ ಸೋರುವುದು ಬೇರೆಯೇ ಇದೆ. ಅದೂ ಮುಂದುವರಿದ ಹಂತದ ತನಕ 6/6 ತೋರಿಸಬಲ್ಲದು. ಕಾಯಿಲೆ ಇದೆ ಅಂತ ಗೊತ್ತಾದ ವರ್ಷವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ನೋಡಿಸಬೇಕು. ಅವರಿಗೆ ಇದುವರೆಗೆ ಒಮ್ಮೆಯೂ ಆಗಿಲ್ಲ ಅಂತ ನನ್ನ ಊಹೆ. ನಡುವಿನ ನೋಟ ಹಾಳಾಗುತ್ತಿದೆಯಾ ತಿಳಿಯಲು ಬಚ್ಚಲಿನ ಟೈಲ್ಸ್ ಗೆರೆಗಳನ್ನು ಒಂದೊಂದೇ ಕಣ್ಣಿನಿಂದ ನೋಡಲಿ. ಗೆರೆ ಸೊಟ್ಟಗೆ ಕಂಡರೆ, ನಡುವೆ ಮಾಯವಾದರೆ ಬೇಗ ಬನ್ನಿ. ಕಣ್ಣ ಮುಂದೆ ಒಮ್ಮೆಲೇ ಪರದೆ ಇಳಿದ ಹಾಗಾದರೆ, ಮಿಂಚು ಹೊಡೆದು ಕಪ್ಪು ಚುಕ್ಕೆಗಳ ಮಳೆ ಬಂದರೆ, ಒಮ್ಮಿಂದೊಮ್ಮೆಲೇ ಎರಡೆರಡು ಕಂಡರೆ ಅದೇ ದಿನ.

ನೀವು ಕೇಳದಿದ್ದರೂ ಉಳಿದವರಿಗೆ ಬೇಕಾಗಬಹುದಾದ ಒಂದಿಷ್ಟು. ಮೊಬೈಲ್ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕೂಸಿನ ಒಂದು ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ, ಎರಡನೇ ಫೋಟೋದಲ್ಲೂ ಹಾಗೇ ಬಂದರೆ, ಆ ವಾರವೇ ತೋರಿಸಿ. ಕಣ್ಣಿನ ಕ್ಯಾನ್ಸರ್ ಇರಬಹುದು, ಬೇಗ ಸಿಕ್ಕರೆ ಜೀವ ಉಳಿಯುತ್ತದೆ. ಹುಟ್ಟಿ ನಾಲ್ಕು ತಿಂಗಳಾದ ಮೇಲೂ ಮೆಳ್ಳೆಗಣ್ಣು ಇದ್ದರೆ ಅದು ಅದೃಷ್ಟವಲ್ಲ, ಬೆಳೆದ ಹಾಗೆ ತಾನಾಗಿ ಸರಿಹೋಗುವುದೂ ಇಲ್ಲ. ಬ್ಯಾಡಗಿ ಕಡೆಯ ಹುಡುಗನೊಬ್ಬ ಗಿಡದಲ್ಲಿ ಹಣ್ಣಾದ ಮೆಣಸಿನಕಾಯಿ ಯಾವುದು, ಹಸಿರು ಯಾವುದು ಅಂತ ತಡವರಿಸಿದರೆ ಬೈಯಬೇಡಿ, ಕೆಂಪು-ಹಸಿರು ಗೊತ್ತಾಗದ ಗಂಡುಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇರುವುದರಿಂದ ನಮ್ಮ ಹುಡುಗರಿಗೆ ಆ ನೌಕರಿಯ ಆಸೆ ಜಾಸ್ತಿ. ಲೋಕೋ ಪೈಲಟ್ ಆಗಲು ಬಣ್ಣದ ನೋಟ ಸರಿ ಇರಲೇಬೇಕು. ಹತ್ತನೇ ತರಗತಿಯಲ್ಲೇ ಒಮ್ಮೆ ಇಶಿಹಾರಾ ಪುಸ್ತಕ (ಬಣ್ಣದ ಚುಕ್ಕೆಗಳಲ್ಲಿ ಅಂಕಿ ಅಡಗಿಸಿದ್ದು) ಓದಿಸಿದರೆ ವರ್ಷಗಟ್ಟಲೆ ಕೋಚಿಂಗ್ ಖರ್ಚು ಉಳಿಯುತ್ತದೆ. ಬೇಸಿಗೆಯಲ್ಲಿ ಕಣ್ಣು ತುರಿಸಿ ತುರಿಸಿ ಉಜ್ಜುವ ಮಕ್ಕಳಲ್ಲಿ ಮುಂದೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮೊನಚಾಗಿ ನಂಬರ್ ಪದೇ ಪದೇ ಬದಲಾಗಬಹುದು. ತುರಿಕೆಗೆ ಮೆಡಿಕಲ್ ಅಂಗಡಿಯಿಂದ ಚೀಟಿ ಇಲ್ಲದೆ ತಂದ ಡ್ರಾಪ್ಸ್ ಇನ್ನೂ ಕೆಟ್ಟದ್ದು. ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಅಂತ ಶೀಶೆಯ ಮೇಲಿದ್ದರೆ ಅದು ಸ್ಟೀರಾಯ್ಡ್. ಎರಡೇ ದಿನದಲ್ಲಿ ಆರಾಮ ಕೊಡುತ್ತದೆ, ತಿಂಗಳುಗಟ್ಟಲೆ ಹಾಕಿದರೆ ಮಕ್ಕಳಿಗೂ ಗ್ಲಾಕೋಮಾ ತರುತ್ತದೆ.

ನಿಮ್ಮ ವಯಸ್ಸು ನೀವು ಬರೆದಿಲ್ಲ. ನಲವತ್ತರ ಆಸುಪಾಸಿನಲ್ಲಿದ್ದರೆ ಅವತ್ತು ನಿಮ್ಮ ಕಣ್ಣನ್ನೂ ತೋರಿಸಿ. ಅಕ್ಕಿ ಆರಿಸುವುದನ್ನು ಬಾಗಿಲ ಬೆಳಕಿಗೆ ಒಯ್ಯುವುದು, ಕಸೂತಿ ಬಿಟ್ಟುಬಿಡುವುದು, ಮೊಬೈಲನ್ನು ತೋಳು ಚಾಚಿ ಹಿಡಿಯುವುದು ಇವೆಲ್ಲ ಚಾಳೀಸು ಬೇಕು ಅನ್ನುವುದರ ಲಕ್ಷಣ. ಬೆಟಗೇರಿಯ ಮಗ್ಗದಲ್ಲಿ ಎಳೆ ತಪ್ಪತೊಡಗಿದಾಗ ನೇಕಾರರು ತಕ್ಷಣ ಬರುತ್ತಾರೆ, ಕೂಲಿ ಹೋಗುತ್ತದಲ್ಲ. ಮನೆಯ ಹೆಣ್ಣುಮಕ್ಕಳು ಮಾತ್ರ ನಾಲ್ಕೈದು ವರ್ಷ ಹಾಗೇ ನೂಕುತ್ತಾರೆ.

ಖರ್ಚಿನ ಚಿಂತೆ ಇದ್ದರೆ ಶಾಲೆಯ ಮೂಲಕ ಬಾಲ ಸ್ವಾಸ್ಥ್ಯ ತಂಡದಿಂದ ಚೀಟಿ ಬರೆಸಿಕೊಂಡು ಗದಗ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು, ಮಗನ ಪರೀಕ್ಷೆ ಅಲ್ಲೇ ಆಗುತ್ತದೆ. ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಕನ್ನಡಕ ಉಚಿತವಾಗಿ ಕೊಡುತ್ತಾರೆ, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಬರುವಾಗ ಮಗನ ಓದುವ ಪುಸ್ತಕ ತನ್ನಿ, ಯಾವ ಸಾಲು ಬಿಡುತ್ತಾನೆ ಅಂತ ನಾನೇ ಕೂತು ನೋಡುತ್ತೇನೆ. ಮಾವನವರ ಹಳೆಯ ಕನ್ನಡಕ, ಗುಳಿಗೆಗಳ ಚೀಟಿ, ಈಚಿನ ಸಕ್ಕರೆ ರಿಪೋರ್ಟ್ ಇರಲಿ. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ತಾಸು ಕಣ್ಣು ಮಂಜಾಗಿರುತ್ತದೆ, ಹಾಗಾಗಿ ಬಸ್ಸಿನಲ್ಲೇ ಬನ್ನಿ. ಫೀಲ್ಡ್ ಟೆಸ್ಟ್ ಆಗಿ ನಾವು ಹೇಳುವ ತನಕ ಮಾವನವರ ಗಾಡಿಯ ಕೀಲಿ ನಿಮ್ಮ ಯಜಮಾನರ ಹತ್ತಿರ ಇರಲಿ.